ನಮ್ಮ ಮನೆಗೆ ಸರ್ವರ್ ಪ್ರೊಸೆಸರ್ ಬೇಕೆ?

ಕಳೆದ ವಾರ ನಮ್ಮ ಬಳಗದ ಕಿರಿಯ ವರದಿಗಾರ್ತಿಯೊಬ್ಬಳು ಕೊಪ್ಪಳದ ಕಡೆಯಿಂದ ಫೋನ್ ಮಾಡಿದ್ದಳು. "ಅಣ್ಣಾ, 25 ಸಾವಿರ ಕೂಡಿಟ್ಟೀನಿ. ಮನಿಗೆ ಒಂದು ಕಂಪ್ಯೂಟರ್ ತಗೋಬೇಕು. ಅಷ್ಟರಾಗ 14 ಕೋರಿನ ಝಿಯಾನ್ ಸಿಗತೈತಂತ, ಇಲ್ಲಾಂದ್ರ 4 ಕೋರಿನ ಐ3. ಯೂಟ್ಯೂಬ್‌ನ್ಯಾಗ ಎಲ್ಲಾರೂ ಝಿಯಾನ್ ತಗೋರಿ ಅಂತಾರ. ನೀವು ಅದನ್ನ ತಗೊಂಡಿದ್ರಿ ಅಲಾ, ಹೆಂಗೈತಿ?"

ಹೆಂಗೈತಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಏನು ಹೇಳಲಿ? ರಾತ್ರಿ ಫೋನ್ ಮಾಡುತ್ತೇನೆ ಎಂದು ಇಟ್ಟೆ. ಅವಳ 25 ಸಾವಿರ ಎಂದರೆ ಏನು ಎಂಬುದನ್ನು ಈ ಬ್ಲಾಗ್ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಎಣಿಸಿ ಬರುವ ದುಡ್ಡಿನಲ್ಲಿ ಪೆಟ್ರೋಲು, ರೀಚಾರ್ಜು, ಚಹಾ ಕಳೆದು ಉಳಿದದ್ದು ಅದು. ಸ್ಟ್ರಿಂಗರ್‌ಗಳಿಗೆ ಕಚೇರಿಯಿಂದ ಕಂಪ್ಯೂಟರ್ ಬರುವುದಿಲ್ಲ. ಬೈಕು, ಮೊಬೈಲು, ಮೈಕು ಎಲ್ಲವೂ ನಮ್ಮ ಕಿಸೆಯಿಂದಲೇ. ತಪ್ಪು ಯಂತ್ರ ಕೊಂಡರೆ ಮುಂದಿನ ಮೂರ್ನಾಲ್ಕು ವರ್ಷ ಅದರ ಜೊತೆಯೇ ಏಗಬೇಕು.

ಆ ತಪ್ಪನ್ನು ನಾನು ಮಾಡಿದ್ದೇನೆ. ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಇನ್ನೂ ಕೆಲವರು ಇದೇ ಯೋಚನೆಯಲ್ಲಿರುವುದು ಗೊತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೂತು ಸುದ್ದಿ ಬರೆದು, ಫೋಟೊ ತಿದ್ದಿ, ಎರಡು ಮೂರು ನಿಮಿಷದ ವಿಡಿಯೊ ಕತ್ತರಿಸಿ ಕಳಿಸುವವರಿಗೆ ಸರ್ವರ್ ಪ್ರೊಸೆಸರ್ ಬೇಡ. ಅದು ಕೆಟ್ಟ ಪ್ರೊಸೆಸರ್ ಅಂತಲ್ಲ. ಅದು ಮಾಡಲು ಹುಟ್ಟಿದ ಕೆಲಸ ಬೇರೆ, ನಮ್ಮ ಕೆಲಸ ಬೇರೆ. ಕೋರುಗಳ ಲೆಕ್ಕ ನೋಡಿ ಕೊಂಡರೆ ಈ ವ್ಯತ್ಯಾಸ ಕಾಣುವುದಿಲ್ಲ. ಮನೆಯ ಕರೆಂಟ್ ಬಿಲ್ಲು ಬಂದಾಗ ಕಾಣುತ್ತದೆ.

ಈ ಝಿಯಾನ್ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಇಂಟೆಲ್ ಕಂಪನಿ 1998ರಿಂದ ಸರ್ವರ್ ಮತ್ತು ವರ್ಕ್‌ಸ್ಟೇಷನ್‌ಗಳಿಗೆಂದು ಮಾರುತ್ತಿರುವ ಪ್ರೊಸೆಸರ್‌ಗಳ ಹೆಸರು ಝಿಯಾನ್. ಎಎಂಡಿಯಲ್ಲಿ ಆ ಜಾಗದಲ್ಲಿರುವುದು 2017ರಲ್ಲಿ ಬಂದ ಎಪಿಕ್. ಬ್ಯಾಂಕು, ಟಿಕೆಟ್ ಬುಕಿಂಗು, ದೊಡ್ಡ ವೆಬ್‌ಸೈಟು ಹೀಗೆ ಸಾವಿರಾರು ಜನ ಒಟ್ಟಿಗೆ ಬಂದು ಸಣ್ಣ ಸಣ್ಣ ಕೆಲಸ ಕೇಳುವ ಕಡೆ ಇವು ಹಗಲು ರಾತ್ರಿ ದುಡಿಯುತ್ತವೆ. ಡೇಟಾ ಸೆಂಟರ್‌ನವರು ಕೆಲವು ವರ್ಷಕ್ಕೊಮ್ಮೆ ಹಳೆಯ ಸರ್ವರ್ ಕಳಚಿ ಹೊಸದನ್ನು ಕೂರಿಸುತ್ತಾರೆ. ಅದೇ ಕರೆಂಟಿನಲ್ಲಿ ಹೊಸದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅದಕ್ಕೊಂದು ಮುಖ್ಯ ಕಾರಣ. ಕಳಚಿದ ಪ್ರೊಸೆಸರ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬರುತ್ತವೆ. ಅವುಗಳಿಗೆ ಹೊಂದುವ ಮದರ್‌ಬೋರ್ಡ್‌ಗಳನ್ನು ಚೀನಾದ ಸಣ್ಣ ತಯಾರಕರು ಎಕ್ಸ್79, ಎಕ್ಸ್99 ಎಂಬ ಹೆಸರಿನಲ್ಲಿ ಹೊಸದಾಗಿ ಮಾಡಿ ಮಾರುತ್ತಾರೆ. ಹೀಗೆ ಹಳೆಯ ಪ್ರೊಸೆಸರು, ಹೊಸ ಬೋರ್ಡು, ಸರ್ವರಿನಿಂದ ಬಿಚ್ಚಿದ ರ‍್ಯಾಮು ಸೇರಿ ಒಂದು ಕಿಟ್ ಆಗಿ ಬೆಂಗಳೂರಿನ ಎಸ್‌ಪಿ ರಸ್ತೆಗೂ ಆನ್‌ಲೈನ್ ಅಂಗಡಿಗೂ ಬರುತ್ತದೆ.

ಆಸೆ ಹುಟ್ಟುವುದು ಸಹಜ. ನಾನು ಕೊಂಡದ್ದು ಇ5-2680 ವಿ4. 14 ಕೋರು, 28 ಥ್ರೆಡ್ಡು. 2016ರಲ್ಲಿ ಬಿಡುಗಡೆಯಾದಾಗ ಅದರ ಪಟ್ಟಿ ದರ 1,700 ಡಾಲರ್‌ಗಿಂತ ಹೆಚ್ಚಿತ್ತು. ಅಂಥದ್ದು ಬೋರ್ಡು ಮತ್ತು 16 ಜಿಬಿ ರ‍್ಯಾಮಿನ ಜೊತೆ 11,500 ರೂಪಾಯಿಗೆ ಸಿಗುತ್ತದೆ ಎಂದರೆ ಯಾರು ಬಿಡುತ್ತಾರೆ? ಅಂಗಡಿಯ ಹುಡುಗ, "ಸರ್, ಇದು ಸರ್ವರ್ ಐಟಂ, ವರ್ಷಗಟ್ಟಲೆ ಆಫ್ ಮಾಡದೆ ಓಡುತ್ತೆ" ಅಂದ. ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಾವೇರಿ ಬಸ್ ಹತ್ತಿದಾಗ ಇಡೀ ಜಿಲ್ಲೆಯಲ್ಲಿ ನನ್ನಷ್ಟು ದೊಡ್ಡ ಕಂಪ್ಯೂಟರ್ ಯಾವ ವರದಿಗಾರನ ಹತ್ತಿರವೂ ಇಲ್ಲ ಎಂಬ ಹೆಮ್ಮೆಯಿತ್ತು. ಅದು ನಿಜವೂ ಇರಬಹುದು.

ಆಮೇಲೆ ಒಂದೊಂದೇ ಖರ್ಚು ಶುರುವಾಯಿತು. ಈ ಪ್ರೊಸೆಸರ್ ಜೊತೆ ಫ್ಯಾನ್ ಬರುವುದಿಲ್ಲ. ಎತ್ತರದ ಕೂಲರಿಗೆ 1,500. ಇದರೊಳಗೆ ಗ್ರಾಫಿಕ್ಸ್ ಇಲ್ಲ, ಅಂದರೆ ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರಿನಲ್ಲಿ ಏನೂ ಮೂಡುವುದಿಲ್ಲ. ಹಳೆಯ ಅಗ್ಗದ ಕಾರ್ಡಿಗೆ 3,500. ದೊಡ್ಡ ಎಸ್‌ಎಂಪಿಎಸ್‌ಗೆ ಮತ್ತೆ ಸಾವಿರ ಹೆಚ್ಚು. 11,500ರ ಕಿಟ್ಟು 17,500ಕ್ಕೆ ಬಂದು ನಿಂತಿತು. ಅದೇ ಹೊತ್ತಿನಲ್ಲಿ ಹೊಸ ಕೋರ್ ಐ3-12100, ಅದರ ಬೋರ್ಡು, 16 ಜಿಬಿ ರ‍್ಯಾಮು ಸೇರಿ ನಮ್ಮ ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ 18 ಸಾವಿರದ ಒಳಗೆ ಬರುತ್ತಿತ್ತು. ಕೂಲರ್ ಡಬ್ಬಿಯಲ್ಲೇ, ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ, ಜೊತೆಗೆ ಮೂರು ವರ್ಷದ ವಾರಂಟಿ. ಇವು ನಾನು ಕೊಂಡ ದಿನದ ದರಗಳು. ರ‍್ಯಾಮಿನ ಬೆಲೆ ಈಗ ದಿನಕ್ಕೊಂದು ರೀತಿ ಇದೆ, ವಿಚಾರಿಸಿಯೇ ಲೆಕ್ಕ ಹಾಕಿ. ಆದರೆ ಕಿಟ್ಟಿನ ದರವನ್ನು ಪೂರ್ತಿ ಯಂತ್ರದ ದರ ಎಂದುಕೊಂಡ ನನ್ನ ತಪ್ಪನ್ನು ನೀವು ಮಾಡಬೇಡಿ.

ದುಡ್ಡು ಹೋದರೂ ವೇಗವಾದರೂ ಬಂತಲ್ಲ ಎಂದುಕೊಂಡಿದ್ದೆ. ಅದರ ಪರೀಕ್ಷೆ ಮಳೆಗಾಲದಲ್ಲಿ ಆಯಿತು. ವರದಾ ನದಿ ತುಂಬಿ ಹೊಲಗಳಿಗೆ ನುಗ್ಗಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತ ಮೆಕ್ಕೆಜೋಳ, ದಂಡೆಯ ಮೇಲೆ ಕೂತ ರೈತರು, ಅವರ ಬೈಟು, ಎಲ್ಲವನ್ನೂ ಮೊಬೈಲಿನಲ್ಲಿ 4ಕೆಯಲ್ಲಿ ಚಿತ್ರಿಸಿಕೊಂಡು ಮನೆಗೆ ಬಂದಾಗ ಸಂಜೆ 4.30. ಆರರ ಬುಲೆಟಿನ್‌ಗೆ ಬೇಕು ಎಂದು ಡೆಸ್ಕಿನಿಂದ ಎರಡು ಸಲ ಫೋನ್ ಬಂದಿತ್ತು. ವಿಡಿಯೊವನ್ನು ಟೈಮ್‌ಲೈನಿಗೆ ಎಳೆದು ಹಾಕಿದೆ. ಚಿತ್ರ ಓಡಲಿಲ್ಲ. ನಿಂತು ನಿಂತು, ಕುಂಟುತ್ತ ಬಂತು. ರೈತ ಬಾಯಿ ತೆರೆದರೆ ಮಾತು ಎರಡು ಸೆಕೆಂಡ್ ಬಿಟ್ಟು ಕೇಳುತ್ತಿತ್ತು. ಎಲ್ಲಿ ಕತ್ತರಿಸಬೇಕು ಎಂಬುದೇ ತಿಳಿಯದು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ 28 ಚೌಕಗಳಲ್ಲಿ ಬಹಳಷ್ಟು ಖಾಲಿ ಕೂತಿದ್ದವು.

ಹಾಗಾಗಲು ಎರಡು ಕಾರಣ. ಮೊದಲನೆಯದು ಕೋರಿಗೂ ವೇಗಕ್ಕೂ ಇರುವ ಸಂಬಂಧ. ಜಾತ್ರೆಯ ಅಡುಗೆಮನೆಯಲ್ಲಿ ಹದಿನಾಲ್ಕು ಜನ ರೊಟ್ಟಿ ಬಡಿಯುತ್ತಿದ್ದರೆ ಸಾವಿರ ರೊಟ್ಟಿ ಬೇಗ ಆಗುತ್ತವೆ. ಆದರೆ ನನಗೆ ಬೇಕಾದದ್ದು ಒಂದೇ ರೊಟ್ಟಿಯಾದರೆ, ಅದು ಬೇಯುವುದು ಒಂದೇ ಹಂಚಿನ ಮೇಲೆ. ಅಲ್ಲಿ ಮುಖ್ಯವಾಗುವುದು ಒಬ್ಬರ ಕೈ ಎಷ್ಟು ಚುರುಕು ಎಂಬುದು. ಇ5-2680 ವಿ4ರ ಮೂಲ ವೇಗ 2.4 ಗಿಗಾಹರ್ಟ್ಸ್, ತೀರಾ ಜೋರು ಮಾಡಿದರೆ 3.3. ಐ3-12100 ಅದೇ ಜೋರಿನಲ್ಲಿ 4.3ಕ್ಕೆ ಹೋಗುತ್ತದೆ. ಜೊತೆಗೆ ಎರಡರ ನಡುವೆ ಆರು ವರ್ಷದ ಅಂತರ ಇರುವುದರಿಂದ ಹೊಸದು ಪ್ರತಿ ಬಡಿತಕ್ಕೂ ಹೆಚ್ಚು ಕೆಲಸ ಮುಗಿಸುತ್ತದೆ. ಎರಡೂ ಸೇರಿದರೆ ಒಂದು ಕೋರಿಗೆ ಒಂದು ಕೋರು ಹೋಲಿಸಿದಾಗ ಐ3 ಹತ್ತಿರ ಹತ್ತಿರ ಎರಡು ಪಟ್ಟು ಚುರುಕು. ನುಡಿಯಲ್ಲಿ ಟೈಪ್ ಮಾಡುವುದು, ಬ್ರೌಸರ್ ತೆರೆಯುವುದು, ಫೋಟೊ ತಿದ್ದುವಾಗಿನ ಬಹಳಷ್ಟು ಹೆಜ್ಜೆಗಳು, ಪುಟ ಜೋಡಿಸುವುದು, ಇವೆಲ್ಲ ಒಂದು ಹಂಚಿನ ಕೆಲಸಗಳೇ. ಎಲ್ಲ ಕೋರು ಕೂಡಿಸಿ ಅಳೆದರೆ 14 ಕೋರಿನ ಝಿಯಾನ್ ಐ3ಯನ್ನು ಹಿಂದೆ ಹಾಕುತ್ತದೆ, ನಿಜ. ಆದರೆ 6 ಕೋರಿನ ಐ5-12400 ಆ ಲೆಕ್ಕದಲ್ಲೂ ಅದರ ಸಮಕ್ಕೆ ಬಂದು ನಿಲ್ಲುತ್ತದೆ.

ಎರಡನೆಯ ಕಾರಣ ನನಗೆ ಆಗ ಗೊತ್ತೇ ಇರಲಿಲ್ಲ. ಈಗಿನ ಮೊಬೈಲುಗಳು ಜಾಗ ಉಳಿಸಲು ವಿಡಿಯೊವನ್ನು ಎಚ್‌ಇವಿಸಿ ಎಂಬ ರೂಪದಲ್ಲಿ ಬಿಗಿಯಾಗಿ ಮಡಚಿ ಇಡುತ್ತವೆ. ಎಡಿಟ್ ಮಾಡುವಾಗ ಅದನ್ನು ಸೆಕೆಂಡಿಗೆ 25-30 ಸಲ ಬಿಚ್ಚಬೇಕು. ಈಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗ್ರಾಫಿಕ್ಸ್ ಭಾಗದಲ್ಲಿ ಬಿಚ್ಚುವುದಕ್ಕೂ ಮಡಚುವುದಕ್ಕೂ ಪ್ರತ್ಯೇಕ ಸರ್ಕ್ಯೂಟೇ ಇರುತ್ತದೆ. ಇಂಟೆಲ್‌ನವರು ಅದನ್ನು ಕ್ವಿಕ್ ಸಿಂಕ್ ಎನ್ನುತ್ತಾರೆ. ಝಿಯಾನ್ ಇ5ರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲದ ಮೇಲೆ ಕ್ವಿಕ್ ಸಿಂಕ್ ಎಲ್ಲಿಂದ ಬರಬೇಕು? ನಾನು ಹಾಕಿದ್ದ ಹಳೆಯ ಕಾರ್ಡಿಗೆ ಎಚ್‌ಇವಿಸಿಯ ಗಂಧವೇ ಇರಲಿಲ್ಲ, ಅದು ಬರೀ ಪರದೆಯ ಮೇಲೆ ಚಿತ್ರ ತೋರಿಸಲು ಇತ್ತು. ಹಾಗಾಗಿ ಬಿಚ್ಚುವ ಭಾರವೆಲ್ಲ ನಿಧಾನದ ಕೋರುಗಳ ತಲೆಯ ಮೇಲೆ ಬಿತ್ತು. ಸರ್ವರಿನಲ್ಲಿ ಯಾರೂ ಮಾನಿಟರ್ ಮುಂದೆ ಕೂತು ವಿಡಿಯೊ ಕತ್ತರಿಸುವುದಿಲ್ಲ. ಅಲ್ಲಿಗೆ ಅದು ಬೇಕಾಗಿಯೂ ಇಲ್ಲ.

ಆ ಸಂಜೆ ಕಡೆಗೆ 4ಕೆ ವಿಡಿಯೊವನ್ನೆಲ್ಲ ಚಿಕ್ಕ ರೂಪಕ್ಕೆ ಬದಲಿಸಿ, ಆಮೇಲೆ ಕತ್ತರಿಸಲು ಕೂತೆ. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. 5.40ಕ್ಕೆ ಎಕ್ಸ್‌ಪೋರ್ಟ್ ಒತ್ತಿದೆ. ಕರೆಂಟು ಹೋಯಿತು. ಯುಪಿಎಸ್ ನಾಲ್ಕು ನಿಮಿಷ ಕೂಗಿ ಸುಮ್ಮನಾಯಿತು. ಆರರ ಬುಲೆಟಿನ್‌ನಲ್ಲಿ ವರದಾ ನದಿಯ ಸುದ್ದಿ ಬಂತು, ಚಿತ್ರ ಬೇರೆಯವರದ್ದು. ದಂಡೆಯ ಮೇಲೆ ನನ್ನ ಜೊತೆ ಒಂದು ಗಂಟೆ ಮಾತಾಡಿದ ಆ ರೈತರ ಮಾತು ಎಲ್ಲೂ ಬರಲಿಲ್ಲ. ಮರುದಿನ ಅವರಲ್ಲೊಬ್ಬರು ಫೋನ್ ಮಾಡಿ, "ನಿನ್ನೆ ಟಿವಿ ಮುಂದ ಎಲ್ಲಾರೂ ಕುಂತಿದ್ವಿರಿ" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಕರೆಂಟು ಹೋದದ್ದು ಪ್ರೊಸೆಸರಿನ ತಪ್ಪಲ್ಲ. ಆದರೆ ನಾಲ್ಕೇ ನಿಮಿಷಕ್ಕೆ ಯುಪಿಎಸ್ ಕೈಬಿಟ್ಟದ್ದರಲ್ಲಿ ಅದರ ಪಾಲಿದೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವ 600 ವಿಎ ಯುಪಿಎಸ್ ಒಳಗೆ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವ್ಯಾಟ್-ಅವರ್. ನನ್ನ ಝಿಯಾನ್ ಯಂತ್ರಕ್ಕೆ ಪ್ಲಗ್ಗಿನಲ್ಲಿ ಹಾಕುವ ವ್ಯಾಟ್ ಮೀಟರ್ ಕೂರಿಸಿ ನೋಡಿದಾಗ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ 190 ವ್ಯಾಟ್ ತೋರಿಸಿತು. ಮಾನಿಟರ್ ಸೇರಿದರೆ 210. ಈ ಬ್ಯಾಟರಿಗಳಿಂದ ಒಮ್ಮೆಲೇ ಹೆಚ್ಚು ಎಳೆದರೆ ಬರೆದಷ್ಟು ಶಕ್ತಿಯನ್ನೂ ಕೊಡುವುದಿಲ್ಲ, ಅದರಲ್ಲೂ ಎರಡು ವರ್ಷ ಹಳೆಯದಾದರೆ ಮುಗಿದೇ ಹೋಯಿತು. ಈಗಿರುವ ಐ3 ಯಂತ್ರ ಬರೆಯುವಾಗ, ಓದುವಾಗ ಮಾನಿಟರ್ ಸೇರಿ 50 ವ್ಯಾಟಿನ ಆಸುಪಾಸು ಎಳೆಯುತ್ತದೆ. ಅದೇ ಯುಪಿಎಸ್, ಹೊಸ ಬ್ಯಾಟರಿ. ಸುದ್ದಿ ಬರೆದು ಮುಗಿಸಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕಳಿಸಿ, ಯಂತ್ರವನ್ನು ಸರಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಯೂಟ್ಯೂಬ್ ಪರೀಕ್ಷೆಗಳಲ್ಲಿ ಈ ಅಳತೆಯನ್ನು ಯಾರೂ ತೋರಿಸುವುದಿಲ್ಲ, ಏಕೆಂದರೆ ಅವರ ಸ್ಟುಡಿಯೊದಲ್ಲಿ ಕರೆಂಟು ಹೋಗುವುದಿಲ್ಲ.

ಇನ್ನು ಬಿಲ್ಲು. ಅದನ್ನು ಕಂಡುಹಿಡಿದದ್ದು ನಮ್ಮವ್ವ. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಆ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ ಎಂಬುದು ಬಿಲ್ ಬಂದ ಮೇಲೆಯೇ ಬಹಳ ಜನಕ್ಕೆ ಗೊತ್ತಾದದ್ದು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಮಿತಿ ನಿಗದಿ ಮಾಡಿದರು. ಮಿತಿ ದಾಟಿದರೆ ಹೆಚ್ಚಾದಷ್ಟು ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಮ್ಮ ಮನೆಯ ಸರಾಸರಿ 62 ಇತ್ತು, ಹಾಗಾಗಿ ಮಿತಿ 68. ಕಂಪ್ಯೂಟರ್ ಬಿಟ್ಟು ಮನೆಯ ಬಳಕೆ 58ರ ಹತ್ತಿರ. ಝಿಯಾನ್ ಬಂದ ಮೊದಲ ತಿಂಗಳೇ ಅವ್ವ ಬಿಲ್ ಹಿಡಿದುಕೊಂಡು ಬಂದು, "ಈ ಸಲ ಸೊನ್ನಿ ಬಂದಿಲ್ಲಪಾ, ಏನರ ತಪ್ಪಾಗೈತೇನ ನೋಡು" ಅಂದಳು.

ತಪ್ಪೇನೂ ಆಗಿರಲಿಲ್ಲ. ಲೆಕ್ಕ ಸರಳ. ಏನೂ ಕೆಲಸವಿಲ್ಲದೆ ಆನ್ ಆಗಿ ಕೂತಿದ್ದರೇ ಅದು 85 ವ್ಯಾಟ್ ತಿನ್ನುತ್ತಿತ್ತು. ಕೆಲಸ ಮಾಡುವ ಹೊತ್ತನ್ನೂ ಸೇರಿಸಿದರೆ ಸರಾಸರಿ 110. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 26 ಯೂನಿಟ್. ಮನೆಯ 58 ಸೇರಿ 84. ಮಿತಿಗಿಂತ 16 ಹೆಚ್ಚು. ಐ3 ಯಂತ್ರಕ್ಕೆ ಸರಾಸರಿ 35 ವ್ಯಾಟ್ ಬರುತ್ತದೆ, ತಿಂಗಳಿಗೆ 8 ಯೂನಿಟ್ ಚಿಲ್ಲರೆ. ಮನೆಯದು ಸೇರಿ 66-67. ಮತ್ತೆ ಸೊನ್ನೆ ಬಿಲ್ಲು. ಮಾನಿಟರ್ ಎರಡಕ್ಕೂ ಒಂದೇ ಆದ್ದರಿಂದ ಅದನ್ನು ಮನೆಯ ಲೆಕ್ಕದಲ್ಲೇ ಬಿಟ್ಟಿದ್ದೇನೆ.

ಗೃಹಜ್ಯೋತಿ ಇಲ್ಲದವರಿಗೂ ಇದು ಸಣ್ಣ ಮೊತ್ತವಲ್ಲ. ಎರಡರ ನಡುವಿನ ವ್ಯತ್ಯಾಸ ತಿಂಗಳಿಗೆ 18 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 108, ವರ್ಷಕ್ಕೆ ಸುಮಾರು 1,300, ಮೂರು ವರ್ಷಕ್ಕೆ 3,900. ಕೊಳ್ಳುವಾಗ ಉಳಿಯಿತು ಎಂದುಕೊಂಡ ದುಡ್ಡು ಮೀಟರಿನಲ್ಲಿ ಹರಿದು ಹೋಗುತ್ತದೆ. ಡೇಟಾ ಸೆಂಟರಿನವರು ಕರೆಂಟಿನ ಖರ್ಚು ನೋಡಿ ಹೊರಗೆ ಹಾಕಿದ ವಸ್ತುವನ್ನು ನಾವು ಮನೆಗೆ ತಂದು, ಅದರ ಕರೆಂಟಿನ ಖರ್ಚನ್ನು ಅವ್ವನ ಕೈಗೆ ಕೊಡುತ್ತೇವೆ.

ರಿಪೇರಿಯ ವಿಚಾರ ಇನ್ನೂ ಕಷ್ಟ. ನಮ್ಮ ತಾಲ್ಲೂಕಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಇದ್ದಾರೆ, ಒಳ್ಳೆಯವರೂ ಹೌದು. ಆದರೆ ಆ ಬೋರ್ಡಿಗೆ ಬದಲಿ ಬೋರ್ಡು ಅವರ ಹತ್ತಿರವೂ ಇಲ್ಲ, ಜಿಲ್ಲೆಯಲ್ಲೂ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿ ಕಾಯಬೇಕು. ಸರ್ವರಿನಿಂದ ಬಂದ ರಿಜಿಸ್ಟರ್ಡ್ ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಅಂದರೆ ಬೋರ್ಡು ಸತ್ತರೆ ಪ್ರೊಸೆಸರ್, ರ‍್ಯಾಮ್ ಎರಡೂ ಅನಾಥ. ಹೆಸರು ಎಕ್ಸ್99 ಎಂದಿದ್ದರೂ ಕೆಲವು ಬೋರ್ಡುಗಳಲ್ಲಿ ಆ ಚಿಪ್‌ಸೆಟ್ಟೇ ಇರುವುದಿಲ್ಲ, ಹಳೆಯ ಡೆಸ್ಕ್‌ಟಾಪ್ ಬೋರ್ಡುಗಳಿಂದ ತೆಗೆದ ಚಿಪ್‌ಸೆಟ್ ಹಾಕಿರುತ್ತಾರೆ. ನನ್ನ ಯಂತ್ರವನ್ನು ಸ್ಲೀಪ್‌ಗೆ ಹಾಕಿದರೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೇ ದಿನವಿಡೀ ಆನ್ ಇಡುತ್ತಿದ್ದೆ, ಅದಕ್ಕೇ ಬಿಲ್ಲು.

ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಈ ಹಳೆಯ ಇ5 ಝಿಯಾನ್‌ಗಳಿಲ್ಲ. ಸುತ್ತುದಾರಿಯಲ್ಲಿ ಹಾಕಬಹುದು, ಹಾಕಿದವರಿದ್ದಾರೆ. ಆದರೆ ಮುಂದಿನ ಅಪ್‌ಡೇಟ್ ಬಂದಾಗ ಏನಾಗುತ್ತದೆ ಎಂಬ ಭಯದಲ್ಲೇ ಇರಬೇಕು. ಸುದ್ದಿಮೂಲಗಳ ಹೆಸರು, ನಂಬರು, ರೆಕಾರ್ಡಿಂಗು ಎಲ್ಲ ಇರುವ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಇಲ್ಲದಿದ್ದರೆ ಅಪಾಯ ನಮ್ಮೊಬ್ಬರದ್ದಲ್ಲ, ನಮ್ಮನ್ನು ನಂಬಿ ಮಾತಾಡಿದವರದ್ದೂ ಹೌದು. ಲಿನಕ್ಸ್ ಬಳಸುವವರಿಗೆ ಈ ತೊಂದರೆ ಇಲ್ಲ.

ಹಾಗಾದರೆ ಝಿಯಾನ್ ಯಾರಿಗೂ ಬೇಡವೇ? ಹಾಗೆಂದರೆ ಅನ್ಯಾಯವಾಗುತ್ತದೆ. ನನ್ನ ಝಿಯಾನ್ ಈಗ ನಮ್ಮ ತಾಲ್ಲೂಕಿನ ಒಂದು ಹಳೆಯ ವಾರಪತ್ರಿಕೆಯ ಕಚೇರಿಯಲ್ಲಿದೆ. ಅರ್ಧ ಬೆಲೆಗೆ ಕೊಟ್ಟೆ. ಅವರು ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಟೆಸ್ಸರಾಕ್ಟ್ ಎಂಬ ಉಚಿತ ತಂತ್ರಾಂಶ ಆ ಚಿತ್ರಗಳನ್ನು ಕನ್ನಡ ಅಕ್ಷರಗಳಾಗಿ ಓದುತ್ತದೆ. ಮೊಳೆ ಜೋಡಿಸಿ ಮುದ್ರಿಸಿದ ಹಳೆಯ ಪುಟಗಳಲ್ಲಿ ತಪ್ಪು ಬಹಳ, ತಿದ್ದಬೇಕು. ಆದರೂ ಹೆಸರು ಕೊಟ್ಟು ಹುಡುಕಲು ಅಷ್ಟು ಸಾಕು. ಒಂದೊಂದು ಕೋರು ಒಂದೊಂದು ಪುಟ ಹಿಡಿದು ಕೂರುತ್ತದೆ. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಕಾಯುವವರೂ ಇಲ್ಲ. ರಾತ್ರಿ ಹಚ್ಚಿ ಹೋದರೆ ಬೆಳಿಗ್ಗೆ ಒಂದು ಕಟ್ಟು ಮುಗಿದಿರುತ್ತದೆ. ಇದು ಸಾವಿರ ರೊಟ್ಟಿಯ ಕೆಲಸ. ನಮ್ಮ ಮನೆಯಲ್ಲಿ ಹೊರೆಯಾಗಿದ್ದ ಯಂತ್ರ ಅಲ್ಲಿ ಸರಿಯಾಗಿ ದುಡಿಯುತ್ತಿದೆ.

ಹೀಗೆ ರಾಶಿ ಕೆಲಸ ಇರುವವರು, ಒಂದೇ ಯಂತ್ರದೊಳಗೆ ನಾಲ್ಕಾರು ವರ್ಚುವಲ್ ಯಂತ್ರ ಓಡಿಸಿ ಕಲಿಯುವವರು, ಬ್ಲೆಂಡರ್‌ನಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡುವವರು, 64 ಅಥವಾ 128 ಜಿಬಿ ರ‍್ಯಾಮ್ ನಿಜವಾಗಿ ಬೇಕಾದವರು ಝಿಯಾನ್ ನೋಡಬಹುದು. ಸರ್ವರ್ ರ‍್ಯಾಮ್ ತನ್ನೊಳಗಿನ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಇದಕ್ಕೆ ಇಸಿಸಿ ಎನ್ನುತ್ತಾರೆ. ತಿಂಗಳುಗಟ್ಟಲೆ ಆಫ್ ಆಗದ ಯಂತ್ರಕ್ಕೆ ಅದು ಬೇಕು. ಅರ್ಧ ಗಂಟೆಯಲ್ಲಿ ಬರೆದು ಕಳಿಸುವ ಸುದ್ದಿಗೆ ಅದರಿಂದ ಆಗುವ ಉಪಕಾರ ಕಡಿಮೆ.

ಇನ್ನೂ ಒಂದು ಸಂದರ್ಭದಲ್ಲಿ ಝಿಯಾನ್ ಜಾಣತನದ ಆಯ್ಕೆ. ನಿಮ್ಮ ಹತ್ತಿರ ಈಗಾಗಲೇ ನಾಲ್ಕನೇ ತಲೆಮಾರಿನ ಐ3 ಇರುವ ಎಚ್81 ಅಥವಾ ಬಿ85 ಬೋರ್ಡು, ಜೊತೆಗೊಂದು ಗ್ರಾಫಿಕ್ಸ್ ಕಾರ್ಡು ಇದ್ದರೆ, ಅದೇ ಸಾಕೆಟ್ಟಿಗೆ ಝಿಯಾನ್ ಇ3-1231 ವಿ3 ಹಾಕಬಹುದು. 4 ಕೋರು, 8 ಥ್ರೆಡ್ಡು, 3.4ರಿಂದ 3.8 ಗಿಗಾಹರ್ಟ್ಸ್. ಆ ಕಾಲದ ಐ7ಗೆ ಸಮ. ಬೋರ್ಡು ಬದಲಿಸದೆ ಇನ್ನೆರಡು ವರ್ಷ ದೂಡಬಹುದು. ಬೋರ್ಡಿನ ಬಯಾಸ್ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಇ3 ವಿ5ರಿಂದ ಇಂಟೆಲ್ ಈ ಬಾಗಿಲು ಮುಚ್ಚಿತು. ಅವು ಸರ್ವರ್ ಚಿಪ್‌ಸೆಟ್ ಇರುವ ಬೋರ್ಡಿನಲ್ಲಿ ಮಾತ್ರ ಓಡುತ್ತವೆ.

ಕೊಳ್ಳಲು ಹೊರಟವರಿಗೆ ನಾಲ್ಕು ಮಾತು. ಕೋರೆಷ್ಟು ಎಂದು ಕೇಳುವ ಮೊದಲು, ದಿನದಲ್ಲಿ ಯಾವ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕಾಯುತ್ತ ಕೂರುತ್ತೀರಿ ಎಂದು ಒಂದು ವಾರ ಬರೆದಿಡಿ. ಅಂಗಡಿಯವರು 28 ಕೋರ್ ಎಂದರೆ ಅದು ಥ್ರೆಡ್ಡೋ ಕೋರೋ ಕೇಳಿ. ಡೆಸ್ಕ್‌ಟಾಪ್ ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ನೋಡಿ. ಐ3-12100ಎಫ್, ಐ5-12400ಎಫ್ ಸ್ವಲ್ಪ ಅಗ್ಗ, ಆದರೆ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜೆನ್ 5000 ಸರಣಿಯಲ್ಲಿ ಹಾಗೆಯೇ, 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಕೊನೆಯದಾಗಿ, ಹೊಸದೇ ಬೇಕೆಂಬ ಹಟ ಬೇಡ. ಕಂಪನಿಗಳ ಕಚೇರಿಯಿಂದ ಬಂದ ಐ5-8500 ಇರುವ ಚಿಕ್ಕ ಡೆಸ್ಕ್‌ಟಾಪ್‌ಗಳು ರಿಫರ್ಬಿಶ್ಡ್ ಅಂಗಡಿಗಳಲ್ಲಿ ಸಿಗುತ್ತವೆ. 6 ಕೋರು, 65 ವ್ಯಾಟಿನ ಪ್ರೊಸೆಸರು, ಒಳಗೇ ಗ್ರಾಫಿಕ್ಸು, ಎಚ್‌ಇವಿಸಿ ಬಿಚ್ಚುವ ಸರ್ಕ್ಯೂಟು, ವಿಂಡೋಸ್ 11ರ ಪಟ್ಟಿಯಲ್ಲೂ ಹೆಸರಿದೆ. ನಮ್ಮಂಥವರ ಕೆಲಸಕ್ಕೆ ಅದು ಧಾರಾಳ.

ಇಷ್ಟನ್ನೆಲ್ಲ ಕೇಳಿದ ಮೇಲೆ ಕೊಪ್ಪಳದ ತಂಗಿ, "ಅಣ್ಣಾ, ನೀವು ಮೊದಲ ಯಾಕ ಬರೀಲಿಲ್ಲ ಇದನ್ನ?" ಅಂದಳು. ನಾಚಿಕೆಯಾಗಿ ಬರೆಯಲಿಲ್ಲ ಎಂಬುದೇ ನಿಜ. ಇಡೀ ಊರಿಗೆ 14 ಕೋರ್ ಎಂದು ಹೇಳಿಕೊಂಡು ತಿರುಗಿದವನು ಸೋತೆ ಎಂದು ಬರೆಯುವುದು ಸುಲಭವಲ್ಲ. ಬೇರೆಯವರ ತಪ್ಪನ್ನು ದಿನಾ ಬರೆಯುವ ನಾವು ನಮ್ಮ ಖರೀದಿಯ ತಪ್ಪನ್ನೂ ಬರೆದಿಟ್ಟರೆ ಇನ್ನೊಬ್ಬರ 25 ಸಾವಿರ ಉಳಿಯುತ್ತದೆ.

ಅವಳು ಹುಬ್ಬಳ್ಳಿಯಲ್ಲಿ ಐ5-8500 ಇರುವ ಒಂದು ಹಳೆಯ ಕಚೇರಿ ಯಂತ್ರ ನೋಡಿ ಬಂದಿದ್ದಾಳೆ. ಉಳಿಯುವ ದುಡ್ಡಿನಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ, ಒಂದು ಕಾಲರ್ ಮೈಕ್. ಕೊಳ್ಳುವ ಮುಂಚೆ ಅವಳ ಮನೆಯ ಗೃಹಜ್ಯೋತಿ ಮಿತಿ ಎಷ್ಟಿದೆ ಎಂದು ಬಿಲ್ ನೋಡಲು ಹೇಳಿದ್ದೇನೆ.